ಹಳೆ ಲೆನ್ಸ್, ಹೊಸ ಬಾಡಿ: ಫಿಲ್ಮ್ ಕಾಲದ ಮ್ಯಾನುವಲ್ ಲೆನ್ಸನ್ನು ಆರಿಸಿ, ಪರೀಕ್ಷಿಸಿ, ಮಿರರ್‌ಲೆಸ್ ಕ್ಯಾಮೆರಾಗೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಸ್ಟುಡಿಯೊದವರ ಬೀರುವಿನಲ್ಲೋ ಮನೆಯ ಅಟ್ಟದ ಟ್ರಂಕಿನಲ್ಲೋ ಚರ್ಮದ ಕೇಸಿನೊಳಗೆ ಮಲಗಿರುವ ಫಿಲ್ಮ್ ಕ್ಯಾಮೆರಾದ ಬಾಡಿ ಕೆಟ್ಟು ಎಷ್ಟೋ ವರ್ಷವಾಗಿರಬಹುದು. ಅದರ ಮೂತಿಯಲ್ಲಿರುವ ಲೆನ್ಸ್ ಮಾತ್ರ, ಫಂಗಸ್ ಹಿಡಿದಿಲ್ಲವೆಂದರೆ, ಇವತ್ತೂ ಕೆಲಸಕ್ಕೆ ಬರುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಮೌಂಟ್‌ಗೂ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ಸೆನ್ಸರ್‌ಗೂ ನಡುವೆ ಕುಣಿಯುತ್ತಿದ್ದ ಕನ್ನಡಿ ಹೋಯಿತು. ಅದು ಬಿಟ್ಟುಹೋದ ಜಾಗದಲ್ಲಿ ಒಂದು ಲೋಹದ ಬಳೆ ಕೂರಿಸಿದರೆ, ಐವತ್ತು ವರ್ಷ ಹಿಂದಿನ ಗಾಜು ಇಂದಿನ ಸೆನ್ಸರ್ ಮೇಲೆ ಚಿತ್ರ ಬೀಳಿಸುತ್ತದೆ. ಆ ಬಳೆಯೇ ಅಡಾಪ್ಟರ್.

ಒಂದು ಮಾತು ಮೊದಲೇ. ಹಳೆ ಲೆನ್ಸ್ ಕೊಳ್ಳುವಾಗ ಹೆಸರು ನೋಡಿ ಮರುಳಾಗುವವರೇ ಹೆಚ್ಚು. ಹೆಸರಾಂತ ಲೆನ್ಸಿನ ಮಂಜುಗಟ್ಟಿದ ಪೀಸ್‌ಗಿಂತ, ಯಾರೂ ಕೇಳದ ಹೆಸರಿನ ಶುದ್ಧ ಪೀಸ್ ಎಷ್ಟೋ ಮೇಲು. ಮುಂದಿನದೆಲ್ಲ ಆ ಒಂದು ಪೀಸನ್ನು ಹೇಗೆ ನೋಡಬೇಕು, ಹೇಗೆ ಬಳಸಬೇಕು ಎಂಬುದರ ಬಗ್ಗೆ.

ಯಾವುದನ್ನು ಹುಡುಕಬೇಕು

ಫೋಟೋಗ್ರಾಫರ್‌ಗಳು ಮತ್ತೆ ಮತ್ತೆ ಹೋಗಿ ನಿಲ್ಲುವುದು ನಾಲ್ಕೈದು ಲೆನ್ಸ್‌ಗಳ ಮುಂದೆ. ಅವುಗಳಲ್ಲಿ ಮೂರು ಇವು.

ಹೀಲಿಯೋಸ್ 44-2, 58 ಮಿ.ಮೀ. ಎಫ್/2. ಸೋವಿಯತ್ ಕಾಲದ ಝೆನಿಟ್ ಕ್ಯಾಮೆರಾಗಳ ಜೊತೆ ಬರುತ್ತಿದ್ದದ್ದು. ಕಾರ್ಲ್ ಝೈಸ್ ಯೇನಾದ ಬಯೋಟಾರ್ ಲೆನ್ಸಿನ ವಿನ್ಯಾಸವೇ ಇದರ ಮೂಲ. ಆರು ಗಾಜು, ಎಂಟು ಅಪರ್ಚರ್ ಬ್ಲೇಡ್ (ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಎಲೆಗಳು; ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), 49 ಮಿ.ಮೀ. ಫಿಲ್ಟರ್, ಅತಿ ಹತ್ತಿರದ ಫೋಕಸ್ ಅರ್ಧ ಮೀಟರ್. ಹಿನ್ನೆಲೆ ಸುಳಿಯಂತೆ ಸುತ್ತುವ ಬೊಕೆಗಾಗಿ (ಫೋಕಸ್ ಆಗದ ಹಿನ್ನೆಲೆಯ ಮಸುಕಿಗಾಗಿ) ಜನ ಇದನ್ನು ಹುಡುಕುತ್ತಾರೆ.

ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4. ಪೆಂಟ್ಯಾಕ್ಸ್‌ನದು. ಫೋಕಸ್ ರಿಂಗ್ ತಿರುಗಿಸುವ ಸುಖಕ್ಕೇ ಕೊಳ್ಳುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಏಳು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಬೆರೆತ ಗಾಜಿದೆ, ಅದು ವರ್ಷಗಳು ಕಳೆದಂತೆ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಮದ್ದಿದೆ, ಮುಂದೆ ಬರುತ್ತದೆ.

ನಿಕ್ಕೋರ್ 105 ಮಿ.ಮೀ. ಎಫ್/2.5. ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ, ಮರುವರ್ಷ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟವಾದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಚಿತ್ರ ನಿಕಾನ್ ಎಫ್‌ಎಂ2 ಬಾಡಿ ಮತ್ತು ಈ ಲೆನ್ಸಿನದು. ಮುಖಚಿತ್ರಕ್ಕೆ ಇದಕ್ಕಿಂತ ನಂಬಿಕಸ್ತ ಹಳೆ ಲೆನ್ಸ್ ಹುಡುಕುವುದು ಕಷ್ಟ.

ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ ಮಾತ್ರ ಇವು ಮೂರರಲ್ಲಿ ಯಾವುದೂ ಅಲ್ಲ. ನಿಕಾನ್, ಪೆಂಟ್ಯಾಕ್ಸ್, ಮಿನೋಲ್ಟಾ, ಒಲಿಂಪಸ್, ಯಾವ ಕಂಪನಿಯದಾದರೂ ಸರಿ, ಒಂದು 50 ಮಿ.ಮೀ. ಎಫ್/1.8 ಅಥವಾ ಎಫ್/2. ಬೇಕಾದಷ್ಟು ತಯಾರಾಗಿವೆ, ರಚನೆ ಸರಳ, ರಿಪೇರಿಗೂ ಸಲೀಸು.

ಸುಳಿ ಬೊಕೆಯ ಆಸೆ ಇದ್ದರೆ ನಿಮ್ಮ ಬಾಡಿ ಯಾವುದೆಂದು ಮೊದಲು ನೋಡಿಕೊಳ್ಳಿ. ಸುಳಿ ಇರುವುದು ಚಿತ್ರದ ಅಂಚಿನಲ್ಲಿ. ಫಿಲ್ಮ್ ಫ್ರೇಮಿನಷ್ಟೇ ದೊಡ್ಡದಾದ ಫುಲ್‌ಫ್ರೇಮ್ ಸೆನ್ಸರಿಗಿಂತ ಸಣ್ಣದಾದ ಎಪಿಎಸ್-ಸಿ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಎಸೆಯುತ್ತದೆ, 58 ಮಿ.ಮೀ. ಲೆನ್ಸ್ 87 ಮಿ.ಮೀ.ಯಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಒಳಗೆ ಗಾಜಿರುವ 0.71 ಪಟ್ಟಿನ ಫೋಕಲ್ ರಿಡ್ಯೂಸರ್ ಹಾಕಿದರೆ ನೋಟ ಸುಮಾರು 62 ಮಿ.ಮೀ.ಗೆ ಮರಳುತ್ತದೆ, ಎಫ್/2 ಲೆನ್ಸ್ ಎಫ್/1.4ರಷ್ಟು ಬೆಳಕನ್ನೂ ಕೊಡುತ್ತದೆ. ಅಗ್ಗದ ರಿಡ್ಯೂಸರ್ ಮಾತ್ರ ಬೇಡ, ಮೂಲೆಗಳು ಅಳಿಸಿದಂತಾಗುತ್ತವೆ.

ಅಡಾಪ್ಟರಿನ ಲೆಕ್ಕ

ಪ್ರತಿ ಮೌಂಟ್‌ಗೂ ಸೆನ್ಸರಿನಿಂದ ಇಷ್ಟೇ ದೂರ ಎಂಬ ಕಟ್ಟುನಿಟ್ಟಿನ ಅಳತೆ ಇದೆ. ಎಂ42 ಸ್ಕ್ರೂ ಮೌಂಟ್ (ಮೇಲಿನ ಹೀಲಿಯೋಸ್, ಸೂಪರ್ ಟಕುಮಾರ್‌ಗಳದ್ದು) ಮತ್ತು ಪೆಂಟ್ಯಾಕ್ಸ್ ಕೆ ಎರಡಕ್ಕೂ 45.46 ಮಿ.ಮೀ., ನಿಕಾನ್ ಎಫ್‌ಗೆ 46.5, ಒಲಿಂಪಸ್ ಓಎಂಗೆ 46, ಮಿನೋಲ್ಟಾಗೆ 43.5, ಕೆನನ್ ಎಫ್‌ಡಿಗೆ 42. ಹೊಸ ಬಾಡಿಗಳಲ್ಲಿ ಸೋನಿ ಇ 18, ಫೂಜಿ ಎಕ್ಸ್ 17.7, ನಿಕಾನ್ ಝಡ್ 16, ಕೆನನ್ ಆರ್‌ಎಫ್ 20. ಲೆನ್ಸಿನ ಅಳತೆಯಿಂದ ಬಾಡಿಯದನ್ನು ಕಳೆದರೆ ಉಳಿಯುವುದೇ ಅಡಾಪ್ಟರಿನ ದಪ್ಪ:

- ಎಂ42 ಲೆನ್ಸ್: ಸೋನಿ ಇ ಬಾಡಿಗೆ 27.46, ಫೂಜಿ ಎಕ್ಸ್‌ಗೆ 27.76, ನಿಕಾನ್ ಝಡ್‌ಗೆ 29.46, ಕೆನನ್ ಆರ್‌ಎಫ್‌ಗೆ 25.46 ಮಿ.ಮೀ.
- ನಿಕಾನ್ ಎಫ್ ಲೆನ್ಸ್: ಅದೇ ಕ್ರಮದಲ್ಲಿ 28.5, 28.8, 30.5, 26.5 ಮಿ.ಮೀ.

ಈ ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಡಾಪ್ಟರನ್ನು ನಾಲ್ಕು ಕಡೆ ಅಳೆದರೆ ಎರಡು ನಿಮಿಷದಲ್ಲಿ ಅದರ ಯೋಗ್ಯತೆ ಗೊತ್ತಾಗುತ್ತದೆ. ನಾಲ್ಕೂ ಕಡೆ ಒಂದೇ ಅಳತೆ ಬರದಿದ್ದರೆ ವಾಪಸ್ ಮಾಡಿ, ಚಿತ್ರದ ಒಂದು ಪಕ್ಕ ಸದಾ ಮಂಕಾಗಿರುತ್ತದೆ.

ಒಂದು ಜೆರಾಕ್ಸ್ ಹಾಳೆಯ ದಪ್ಪ, ಅಂದರೆ ಸುಮಾರು 0.1 ಮಿ.ಮೀ., ಹೆಚ್ಚಾದರೆ ಏನಾಗುತ್ತದೆ? 58 ಮಿ.ಮೀ. ಲೆನ್ಸ್ ಸುಮಾರು 34 ಮೀಟರ್ ಆಚೆಗೆ ಫೋಕಸ್ ಆಗುವುದೇ ಇಲ್ಲ. 28 ಮಿ.ಮೀ. ವೈಡ್ ಲೆನ್ಸಾದರೆ 8 ಮೀಟರಿಗೇ ನಿಂತುಬಿಡುತ್ತದೆ. ಬೆಟ್ಟದ ಚಿತ್ರ ತೆಗೆಯಲು ಹೊರಟವರು ಲೆನ್ಸೇ ಸರಿಯಿಲ್ಲವೆಂದು ಬೈಯುವುದು ಇಲ್ಲಿಯೇ. ಇದೇ ಭಯಕ್ಕೆ ಹೆಚ್ಚಿನ ತಯಾರಕರು ಅಡಾಪ್ಟರನ್ನು ಬೇಕೆಂದೇ ಕೂದಲೆಳೆಯಷ್ಟು ತೆಳುವಾಗಿ ಮಾಡುತ್ತಾರೆ. ಆಗ ಅನಂತ ದೂರದ ಗುರುತು ಬರುವ ಮೊದಲೇ ಅಲ್ಲಿಯ ಫೋಕಸ್ ಸಿಕ್ಕಿಬಿಡುತ್ತದೆ. ದೂರದ ಸ್ಕೇಲ್ ಸುಳ್ಳು ಹೇಳುತ್ತದೆ ಅಷ್ಟೇ, ಚಿತ್ರಕ್ಕೆ ತೊಂದರೆ ಇಲ್ಲ.

ಎಡವುವ ಜಾಗಗಳು ಇನ್ನೂ ಮೂರಿವೆ. ಟಿ-ಮೌಂಟ್ ಕೂಡ 42 ಮಿ.ಮೀ. ಸ್ಕ್ರೂವೇ, ಆದರೆ ಅದರ ಥ್ರೆಡ್ಡಿನ ಅಂತರ 0.75 ಮಿ.ಮೀ., ಎಂ42ರದ್ದು 1 ಮಿ.ಮೀ. ಒಂದು ಸುತ್ತು ಒಳಗೆ ಹೋಗಿ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ, ಒತ್ತಾಯ ಮಾಡಿದರೆ ಥ್ರೆಡ್ ಹೋಗುತ್ತದೆ. ಎರಡನೆಯದು, ಝೆನಿಟ್‌ನ ಆರಂಭದ ಲೆನ್ಸ್‌ಗಳೂ ಲೈಕಾ ಸ್ಕ್ರೂ ಲೆನ್ಸ್‌ಗಳೂ 39 ಮಿ.ಮೀ. ಸ್ಕ್ರೂವಿನವೇ. ಆದರೆ ಸೆನ್ಸರಿನಿಂದ ಮೊದಲನೆಯದರ ದೂರ 45.2, ಎರಡನೆಯದರದು 28.8. ಅಡಾಪ್ಟರ್ ಅದಲುಬದಲಾದರೆ ಯಾವುದೂ ಫೋಕಸ್ ಆಗದು. ಮೂರನೆಯದು, ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಇಟ್ಟುಕೊಂಡವರಿಗೆ: ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಲೆನ್ಸ್ ಹಾಕಿದರೆ, ಅಡಾಪ್ಟರಿನಲ್ಲಿ ಗಾಜಿಲ್ಲದೆ ದೂರದ ಫೋಕಸ್ ಸಿಗದು, ಏಕೆಂದರೆ 45.46 ಎಂಬುದು 46.5ಕ್ಕಿಂತ ಕಡಿಮೆ. ಆ ಗಾಜು ಹಾಕಿದರೆ ಚಿತ್ರ ಕೆಡುತ್ತದೆ. ಹಾಗಾಗಿ ಆ ದಾರಿ ಬೇಡ.

ಕೈಗೆ ತೆಗೆದುಕೊಂಡಾಗ

ಅಂಗಡಿಗೋ ಮಾರುವವರ ಮನೆಗೋ ಹೋಗುವಾಗ ಫೋನ್ ಟಾರ್ಚ್, ನಿಮ್ಮ ಬಾಡಿ, ಅಡಾಪ್ಟರ್ ಮೂರೂ ಜೊತೆಗಿರಲಿ. ನೋಡುವ ಕ್ರಮ ಹೀಗೆ.

ಮೊದಲು ಅಪರ್ಚರ್ ಪೂರ್ತಿ ತೆರೆಯಿರಿ. ಎರಡೂ ಕ್ಯಾಪ್ ತೆಗೆದು, ಕತ್ತಲೆಯ ಮೂಲೆಗೆ ತಿರುಗಿ, ಟಾರ್ಚನ್ನು ಲೆನ್ಸಿನ ಹಿಂಬದಿಯಿಂದ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಕಣ್ಣು ಕುಕ್ಕುತ್ತದೆಯೇ ಹೊರತು ಏನೂ ಕಾಣುವುದಿಲ್ಲ, ಸುಮಾರು 30–45 ಡಿಗ್ರಿ ಓರೆ ಬೇಕು. ಲೆನ್ಸನ್ನು ನಿಧಾನವಾಗಿ ಹೊರಳಿಸುತ್ತ ಒಂದೊಂದೇ ಗಾಜಿನ ಮೇಲೆ ಕಣ್ಣಿಡಿ. ಕಾಣುವುದು ಐದು ಬಗೆ.

ಧೂಳು: ಬಿಡಿಬಿಡಿ ಚುಕ್ಕೆ. ಐವತ್ತು ವರ್ಷದ ಲೆನ್ಸಿನಲ್ಲಿ ಇಲ್ಲದಿದ್ದರೇ ಅನುಮಾನ ಪಡಬೇಕು. ಚಿತ್ರದಲ್ಲಿ ಕಾಣುವುದಿಲ್ಲ.

ಗಾಳಿಗುಳ್ಳೆ: ಗಾಜಿನ ಒಳಗೇ ಸೂಜಿಮೊನೆಯಷ್ಟು ಗುಳ್ಳೆ. ಗಾಜು ಕರಗಿಸುವಾಗ ಉಳಿದದ್ದು, ನಿರುಪದ್ರವಿ.

ಫಂಗಸ್: ಹುಲ್ಲಿನ ಬೇರಿನ ಹಾಗೆ ಕವಲೊಡೆದ ಬಿಳಿ ಎಳೆ, ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ. ಹೊರಗಿನ ಗಾಜಿನಲ್ಲಿ ಒಂದೆರಡು ಎಳೆಯಾದರೆ ಚೌಕಾಶಿಗೆ ಆಧಾರ. ನಡುವಿನ ಗಾಜುಗಳಲ್ಲಿ ಹಬ್ಬಿದ್ದರೆ ಬಿಟ್ಟುಬಿಡಿ. ಒರೆಸಿದರೂ ಅದು ಕೋಟಿಂಗ್ ತಿಂದ ಕಲೆ ಉಳಿಯುತ್ತದೆ.

ಹೇಝ್: ಕನ್ನಡಕಕ್ಕೆ ಉಸಿರು ಬಿಟ್ಟಂತೆ ಸಮನಾದ ಮಂಜು. ಇದೇ ಹೆಚ್ಚು ಜನರನ್ನು ಮೋಸಗೊಳಿಸುವುದು. ಟಾರ್ಚ್ ಇಲ್ಲದೆ ನೋಡಿದರೆ ಗಾಜು ಸ್ವಚ್ಛವಾಗಿಯೇ ಕಾಣುತ್ತದೆ, ಚಿತ್ರದಲ್ಲಿ ಮಾತ್ರ ಕಪ್ಪೆಲ್ಲ ಬೂದಿಯಾಗಿರುತ್ತದೆ.

ಅಂಟು ಬಿಟ್ಟದ್ದು: ಎರಡು ಗಾಜು ಅಂಟಿಸಿದ ಕಡೆ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ. ಇದಕ್ಕೆ ಮನೆಯಲ್ಲಿ ಪರಿಹಾರವಿಲ್ಲ.

ಗೀರುಗಳ ವಿಷಯದಲ್ಲಿ ಜನ ಮುಂದಿನ ಗಾಜನ್ನೇ ನೋಡಿ ಹಣ ಇಳಿಸುತ್ತಾರೆ. ನೋಡಬೇಕಾದ್ದು ಹಿಂದಿನ ಗಾಜು. ಮುಂದಿನದರ ಎರಡು ಸಣ್ಣ ಗೀರು ಚಿತ್ರದಲ್ಲಿ ಪತ್ತೆಯಾಗದು, ಹಿಂದಿನ ಗಾಜಿನ ಗೀರು ದೀಪಗಳ ಸುತ್ತ ಎದ್ದು ಕಾಣುತ್ತದೆ.

ಆಮೇಲೆ ಅಪರ್ಚರ್. ಬ್ಲೇಡ್‌ಗಳ ಮೇಲೆ ಎಣ್ಣೆ ಮಿನುಗುತ್ತಿದೆಯೇ? ಫಿಲ್ಮ್ ಬಾಡಿಗೆ ಹಾಕುವುದಾದರೆ ಅದು ದೊಡ್ಡ ದೋಷ, ಬ್ಲೇಡ್ ನಿಧಾನವಾಗಿ ಮುಚ್ಚಿ ಬೆಳಕು ಹೆಚ್ಚಾಗಿ ಚಿತ್ರ ಓವರ್ ಆಗುತ್ತದೆ. ಅಡಾಪ್ಟರಿನಲ್ಲಿ ಬಳಸುವಾಗ ಬ್ಲೇಡ್ ಮೊದಲೇ ಮುಚ್ಚಿರುತ್ತದೆ, ಆದ್ದರಿಂದ ತಡವಾದರೂ ಕೆಲಸ ನಡೆಯುತ್ತದೆ. ಆದರೆ ಆ ಎಣ್ಣೆಯ ಆವಿಯೇ ಮುಂದೆ ಗಾಜಿನ ಮೇಲೆ ಕೂತು ಹೇಝ್ ಆಗಬಹುದು, ಬೆಲೆ ಇಳಿಸಿಯೇ ಕೊಳ್ಳಿ.

ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋದರೆ ಸರಿ. ಬಿಗಿಯಿದ್ದರೆ ಗ್ರೀಸ್ ಒಣಗಿದೆ, ಅದು ರಿಪೇರಿಯಾಗುತ್ತದೆ. ಕರಕರ ಸದ್ದು ಬಂದರೆ ಒಳಗೆ ಮರಳು ಹೋಗಿದೆ, ಬೇಡ. ಮೌಂಟಿನ ಸ್ಕ್ರೂಗಳ ತಲೆ ಸವೆದು ಗೀರಾಗಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ, ಬಿಚ್ಚಿದವರಿಗೆ ಸರಿಯಾದ ಸ್ಕ್ರೂಡ್ರೈವರ್ ಕೂಡ ಇರಲಿಲ್ಲ ಎಂದೂ ಅರ್ಥ.

ಕೊನೆಗೆ ಎರಡು ಚಿತ್ರ ತೆಗೆಯಿರಿ. ಮೊದಲನೆಯದು ಟ್ಯೂಬ್‌ಲೈಟ್ ಫ್ರೇಮಿನ ಅಂಚಿನಲ್ಲಿ ಬರುವಂತೆ: ಇಡೀ ಚಿತ್ರ ಹಾಲು ಚೆಲ್ಲಿದಂತಾದರೆ ಹೇಝ್ ಇದೆ. ಎರಡನೆಯದು ರಸ್ತೆಯಾಚೆಯ ಬೋರ್ಡಿನದು: ಅಪರ್ಚರ್ ಪೂರ್ತಿ ತೆರೆದು, ಅದೇ ಬೋರ್ಡನ್ನು ನಾಲ್ಕು ಮೂಲೆಗೆ ಒಂದೊಂದು ಸಲ ತಂದು, ಪ್ರತಿ ಸಲ ಫೋಕಸ್ ಮಾಡಿ ತೆಗೆಯಿರಿ. ನಾಲ್ಕೂ ಮೂಲೆ ಸ್ವಲ್ಪ ಮೆದುವಾಗಿರುವುದು ಹಳೆ ಲೆನ್ಸಿನ ಗುಣ. ಮೂರು ಚೆನ್ನಾಗಿದ್ದು ಒಂದೇ ಹಾಳಾಗಿದ್ದರೆ ಗಾಜು ತನ್ನ ಜಾಗದಿಂದ ಸರಿದಿದೆ.

ಜೋಡಿಸುವುದು, ಮೆನು ಹೊಂದಿಸುವುದು

ಅಡಾಪ್ಟರನ್ನು ಮೊದಲು ಲೆನ್ಸಿಗೆ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಬಾಡಿಗೆ. ಬಾಡಿ ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಸೆನ್ಸರಿಗೆ ಧೂಳು ಕಡಿಮೆ.

ಎಂ42 ಲೆನ್ಸ್ ಬಿಗಿಯಾದಾಗ ಅಂಕಿಗಳ ಸಾಲು ಮೇಲಕ್ಕೆ ಬರದೆ ಪಕ್ಕಕ್ಕೆ ನಿಂತರೆ ಹೆದರಬೇಡಿ. ಹಲವು ಅಡಾಪ್ಟರ್‌ಗಳ ಪಕ್ಕದಲ್ಲಿ ಮೂರು ಪುಟ್ಟ ಸ್ಕ್ರೂ ಇರುತ್ತವೆ. ಅವನ್ನು ಸಡಿಲಿಸಿ ಒಳ ಬಳೆಯನ್ನು ತಿರುಗಿಸಿ ಮತ್ತೆ ಬಿಗಿ ಮಾಡಿ. ಟಕುಮಾರ್‌ನಂಥ ಲೆನ್ಸ್‌ಗಳಲ್ಲಿ ಆಟೊ/ಮ್ಯಾನುವಲ್ ಗುಂಡಿ ಇದೆ, ಅದನ್ನು ಮ್ಯಾನುವಲ್‌ಗೆ ತಳ್ಳದಿದ್ದರೆ ರಿಂಗ್ ಎಷ್ಟು ತಿರುಗಿಸಿದರೂ ಅಪರ್ಚರ್ ಮುಚ್ಚುವುದಿಲ್ಲ. ಗುಂಡಿಯೇ ಇಲ್ಲದ ಲೆನ್ಸಾದರೆ ಹಿಂಬದಿಯ ಪಿನ್ ಒತ್ತಿ ಹಿಡಿಯುವ ಒಳ ಅಂಚಿರುವ ಅಡಾಪ್ಟರ್ ಬೇಕು. ಕೆನನ್ ಎಫ್‌ಡಿ ಅಡಾಪ್ಟರಿನಲ್ಲಿ ಇದೇ ಕೆಲಸಕ್ಕೆ ಪ್ರತ್ಯೇಕ ರಿಂಗ್ ಇರುತ್ತದೆ, ಲೆನ್ಸ್ ಕೂರಿಸಿದ ಮೇಲೆ ಅದನ್ನು ಲಾಕ್ ಕಡೆಗೆ ತಿರುಗಿಸಿ.

ಕ್ಯಾಮೆರಾ ಆನ್ ಮಾಡಿ ಬಟನ್ ಒತ್ತಿದರೆ ಕ್ಲಿಕ್ಕೇ ಆಗದಿರಬಹುದು. ಲೆನ್ಸಿನಿಂದ ಯಾವ ಸಂಕೇತವೂ ಬರದ ಕಾರಣ ಬಾಡಿ ಲೆನ್ಸೇ ಇಲ್ಲವೆಂದುಕೊಂಡಿದೆ. ಸೋನಿ, ಫೂಜಿ, ಕೆನನ್ ಮೆನುಗಳಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ನಿಕಾನ್ ಝಡ್‌ನಲ್ಲಿ ಸಿಪಿಯು (ಚಿಪ್) ಇಲ್ಲದ ಲೆನ್ಸಿನ ವಿವರ ತುಂಬುವ ಪುಟದಲ್ಲಿ ಫೋಕಲ್ ಲೆಂತ್ ಮತ್ತು ಅಪರ್ಚರ್ ಬರೆದಿಡಿ. ಸೋನಿ ಪರದೆಯಲ್ಲಿ ಎಫ್ ಅಕ್ಷರದ ಮುಂದೆ ಎರಡು ಗೆರೆ ಮಾತ್ರ ಕಾಣುವುದು ಸಹಜ.

ಬಾಡಿಯಲ್ಲೇ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂತ್ ಕೈಯಾರೆ ಕೊಡಬೇಕು. ಎಪಿಎಸ್-ಸಿ ಬಾಡಿಯಾದರೂ 58 ಎಂದೇ ಹಾಕಿ, 87 ಅಲ್ಲ. ಹಿಂದಿನ ಲೆನ್ಸಿನ ಅಂಕಿ ಹಾಗೇ ಉಳಿದುಬಿಟ್ಟರೆ ಸ್ಟೆಬಿಲೈಸರ್ ತಪ್ಪು ಲೆಕ್ಕದಲ್ಲಿ ಅಲುಗಾಡಿ ಚಿತ್ರವನ್ನು ತಾನೇ ಕೆಡಿಸುತ್ತದೆ. ಲೆನ್ಸ್ ಬದಲಿಸಿದಾಗಲೆಲ್ಲ ಇದನ್ನು ನೋಡುವ ಅಭ್ಯಾಸ ಬೇಕು.

ಮೋಡ್ ಡಯಲ್ ಎ (ಶಟರನ್ನು ಕ್ಯಾಮೆರಾ ಆರಿಸುವ ಮೋಡ್) ಅಥವಾ ಎಂ (ಪೂರ್ತಿ ಮ್ಯಾನುವಲ್). ಆಟೊ ಐಎಸ್‌ಒ ಆನ್ ಇರಲಿ, ಕನಿಷ್ಠ ಶಟರ್ 1/125 ಇರಲಿ. ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಬಣ್ಣ ಹಚ್ಚಿ ತೋರಿಸುವುದು) ಕೆಂಪು ಬಣ್ಣ, ಮಟ್ಟ ಕಡಿಮೆ. ಫೋಕಸ್ ಹಿಗ್ಗಿಸುವ ಆಯ್ಕೆಯನ್ನು ಹೆಬ್ಬೆರಳಿಗೆ ಸಿಗುವ ಬಟನ್‌ಗೆ ಕೊಡಿ.

ಈಗ ದೂರದ ಪರೀಕ್ಷೆ. ಒಂದು ಕಿಲೋಮೀಟರ್ ಆಚೆಯ ಟವರ್ ಇಲ್ಲವೇ ರಾತ್ರಿಯಾದರೆ ಚಂದ್ರ ಸಾಕು. ಹಿಗ್ಗಿಸಿ ನೋಡುತ್ತ ರಿಂಗನ್ನು ಅನಂತದ ಕಡೆ ತಿರುಗಿಸಿ. ಟವರ್ ಸ್ಪಷ್ಟವಾಗಿ, ಇನ್ನೂ ಕೂದಲೆಳೆ ತಿರುಗಿಸಿದರೆ ಮತ್ತೆ ಮಸುಕಾದರೆ ಎಲ್ಲ ಸರಿ. ಕೊನೆಯ ತುದಿಗೆ ಬಂದರೂ ಸ್ಪಷ್ಟವಾಗದಿದ್ದರೆ ಅಡಾಪ್ಟರ್ ದಪ್ಪ, ಬದಲಿಸಿ. ಸ್ಪಷ್ಟತೆ ತುಂಬ ಮೊದಲೇ ಸಿಕ್ಕರೆ, ಬಿಚ್ಚಲು ಬರುವ ಅಡಾಪ್ಟರಿನ ಎರಡು ಭಾಗಗಳ ನಡುವೆ ಸೆಲ್ಲೋಟೇಪಿನ ಉಂಗುರ ಕತ್ತರಿಸಿ ಹಾಕಬಹುದು, ಒಂದು ಪದರ ಸುಮಾರು 0.05 ಮಿ.ಮೀ. ಅಡಾಪ್ಟರಿನ ಒಳಗೋಡೆ ಹೊಳೆಯುತ್ತಿದ್ದರೆ ಅಲ್ಲಿ ಕಪ್ಪು ವೆಲ್ವೆಟ್ ಸ್ಟಿಕರ್ ಅಂಟಿಸಿ. ಹಳೆ ಲೆನ್ಸಿಗೆ ಕಾಂಟ್ರಾಸ್ಟ್ ಇಲ್ಲವೆಂಬ ದೂರಿನಲ್ಲಿ ಅರ್ಧ ಪಾಲು ಈ ಹೊಳಪಿನದು, ಉಳಿದರ್ಧ ಹುಡ್ ಹಾಕದವರದು. 49 ಮಿ.ಮೀ. ರಬ್ಬರ್ ಹುಡ್ ಹೀಲಿಯೋಸ್‌ಗೂ ಟಕುಮಾರ್‌ಗೂ ಆಗುತ್ತದೆ.

ಹೀಲಿಯೋಸ್‌ನ ಎರಡು ರಿಂಗ್

44-2ರಲ್ಲಿ ಅಪರ್ಚರಿಗೆ ಎರಡು ರಿಂಗ್ ಇರುವುದು ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಕ್ಲಿಕ್ ಕ್ಲಿಕ್ ಎನ್ನುವ, ಅಂಕಿಗಳಿರುವ ರಿಂಗ್ ಗಡಿ ಹಾಕುವುದಕ್ಕೆ. ಸದ್ದಿಲ್ಲದೆ ಜಾರುವ ರಿಂಗ್ ಬ್ಲೇಡ್‌ಗಳನ್ನು ನಿಜವಾಗಿ ಆಡಿಸುವುದಕ್ಕೆ. ಗಡಿ 4ಕ್ಕೆ ಇಟ್ಟರೆ ಜಾರುವ ರಿಂಗ್ ಎಫ್/2ರಿಂದ ಎಫ್/4ರ ತನಕ ಮಾತ್ರ ಓಡಾಡುತ್ತದೆ. ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಬೆರಳಲ್ಲೇ ತಳ್ಳಿ ಮುಚ್ಚಿ, ಕ್ಲಿಕ್. ವಿಡಿಯೊದವರು ಗಡಿಯನ್ನು 16ಕ್ಕಿಟ್ಟು ಜಾರುವ ರಿಂಗನ್ನೇ ಬಳಸಿದರೆ ಬೆಳಕು ಎಲ್ಲೂ ಜಿಗಿಯದೆ ಏರಿಳಿಯುತ್ತದೆ.

ಸುಳಿ ತಾನಾಗಿ ಬರುವುದಿಲ್ಲ, ಅದಕ್ಕೆ ಹಿನ್ನೆಲೆ ಬೇಕು. ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಯಾವ ಲೆನ್ಸಾದರೂ ಒಂದೇ. ಎಲೆಗಳ ಸಂದಿಯಿಂದ ಬೆಳಕಿನ ತೂತುಗಳು ಕಾಣುವ ಮರ ಹುಡುಕಿ. ಎಲೆ ಸಣ್ಣದಿರುವ ಹುಣಸೆ ಮರ ಇದಕ್ಕೆ ಹೇಳಿ ಮಾಡಿಸಿದ್ದು, ಅಗಲ ಎಲೆಯ ಹಲಸು ಅಷ್ಟಕ್ಕಷ್ಟೆ. ವ್ಯಕ್ತಿ ನಿಮ್ಮಿಂದ ಒಂದೂವರೆ ಮೀಟರ್, ಮರ ವ್ಯಕ್ತಿಯಿಂದ ಮೂರರಿಂದ ಆರು ಮೀಟರ್, ಅಪರ್ಚರ್ ಎಫ್/2, ಮುಖ ಫ್ರೇಮಿನ ನಡುವೆ. ಮುಖವನ್ನು ಅಂಚಿಗೆ ತಂದರೆ ಮುಖವೇ ಮೆತ್ತಗಾಗುತ್ತದೆ. ಎಫ್/4ಕ್ಕೆ ಹೋದರೆ ಸುಳಿ ಮಾಯ.

ವ್ಯಕ್ತಿ ಆ ಒಂದೂವರೆ ಮೀಟರ್ ದೂರದಲ್ಲಿದ್ದಾಗ ಎಫ್/2ಕ್ಕೆ ಸ್ಪಷ್ಟವಾಗಿರುವ ಆಳ ಫುಲ್‌ಫ್ರೇಮಿನಲ್ಲಿ ಸುಮಾರು 8 ಸೆಂ.ಮೀ., ಒಂದು ಮೀಟರಿಗೆ ಬಂದರೆ ಮೂರೂವರೆ ಸೆಂ.ಮೀ. ಮೂಗು ಸ್ಪಷ್ಟವಾಗಿ ಕಣ್ಣು ಮಸುಕಾಗುವುದು ಇದರಿಂದಲೇ. ಪೀಕಿಂಗಿನ ಕೆಂಪನ್ನು ಪೂರ್ತಿ ನಂಬಬೇಡಿ, ಅದು ಆಸುಪಾಸು ತೋರಿಸುತ್ತದೆ ಅಷ್ಟೇ. ಹತ್ತಿರದ ಕಣ್ಣಿನ ರೆಪ್ಪೆಯನ್ನು ಹಿಗ್ಗಿಸಿ ಫೋಕಸ್ ಮಾಡಿ, ರಿಂಗ್ ಮುಟ್ಟದೆ ದೇಹವನ್ನೇ ಕೂದಲೆಳೆ ಹಿಂದೆ ಮುಂದೆ ವಾಲಿಸುತ್ತ ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆಯಿರಿ. ಎಫ್/1.4 ಲೆನ್ಸ್‌ಗಳಲ್ಲಿ ಅಪರ್ಚರ್ ಮುಚ್ಚಿದಾಗ ಫೋಕಸ್ ಬಿಂದು ಸ್ವಲ್ಪ ಸರಿಯುವುದುಂಟು, ಹಾಗಾಗಿ ಎಫ್/2, ಎಫ್/2.8ರಲ್ಲಿ ತೆಗೆಯುವುದಾದರೆ ಅದೇ ಅಪರ್ಚರಿನಲ್ಲೇ ಫೋಕಸ್ ಮಾಡಿ.

ಹಳದಿಯಾದ ಟಕುಮಾರ್

ಬಿಳಿ ಹಾಳೆಯ ಮೇಲೆ ಲೆನ್ಸ್ ಇಟ್ಟು ಮೇಲಿಂದ ನೋಡಿದರೆ ಗಾಜಿನ ಬಣ್ಣ ತಿಳಿಯುತ್ತದೆ. ಹಳದಿ ತೆಗೆಯಲು ಅತಿನೇರಳೆ ಬೆಳಕು ಬೇಕು. ಬಿಸಿಲಿಗಿಡುವವರು ಬಹಳ, ಆದರೆ ಲೆನ್ಸ್ ಭೂತಗನ್ನಡಿಯೂ ಹೌದು. ಕಿಟಕಿಯ ಪರದೆ ಸುಟ್ಟೀತು, ಬಿಸಿಗೆ ಗ್ರೀಸ್ ಕರಗಿ ಬ್ಲೇಡ್ ಮೇಲೆ ಹರಿದೀತು. 365ರಿಂದ 395 ನ್ಯಾನೊಮೀಟರ್‌ನ ಯುವಿ ಎಲ್ಇಡಿ ದೀಪವನ್ನು ಹಿಂದಿನ ಗಾಜಿಗೆ ಹತ್ತಿರ ಹಿಡಿಸಿ, ಇನ್ನೊಂದು ತುದಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ಕೆಲವು ದಿನ ಬಿಡಿ. ದೀಪವನ್ನು ದಿಟ್ಟಿಸಬೇಡಿ. ಥೋರಿಯಂ ವಿಕಿರಣಶೀಲ ಎಂಬುದು ನಿಜ, ಬಳಸುವುದಕ್ಕೆ ಅದು ಅಡ್ಡಿಯಲ್ಲ. ಆ ಗಾಜನ್ನು ಉಜ್ಜಬೇಡಿ, ಕಣ್ಣಿಗೆ ಒತ್ತಿ ಹಿಡಿಯುವ ಐಪೀಸ್ ಆಗಿಯೂ ಬಳಸಬೇಡಿ.

ಮಳೆಗಾಲದಲ್ಲಿ ಇಡುವುದು

ಮಲೆನಾಡು, ಕರಾವಳಿಯವರಿಗೆ ಈ ಭಾಗವೇ ಮುಖ್ಯ. ಗಾಳಿಯ ತೇವಾಂಶ 60 ಶೇಕಡಾ ದಾಟಿ ಅಲ್ಲೇ ನಿಂತರೆ ಫಂಗಸ್‌ಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆಯ ಮನೆಗಳಲ್ಲಿ ಅದು 80ರ ಕೆಳಗಿಳಿಯುವುದೇ ಅಪರೂಪ. ಲೆನ್ಸಿನ ಮೊದಲ ಶತ್ರು ಅದು ಬಂದ ಚರ್ಮದ ಕೇಸು, ತೇವವನ್ನು ಹೀರಿ ಹಿಡಿದಿಡುತ್ತದೆ. ಅಕ್ಕಿ ಡಬ್ಬಿಯೂ ಬೇಡ, ಹಿಟ್ಟಿನ ಪುಡಿ ಹೆಲಿಕಾಯ್ಡ್‌ನೊಳಗೆ, ಅಂದರೆ ಫೋಕಸ್ ರಿಂಗಿನ ಒಳ ಥ್ರೆಡ್ಡಿಗೆ, ಹೋಗುತ್ತದೆ. ನುಸಿಗುಳಿಗೆಯನ್ನಂತೂ ಹತ್ತಿರವೂ ಇಡಬೇಡಿ.

ಡ್ರೈ ಕ್ಯಾಬಿನೆಟ್ ಇದ್ದರೆ 40ರಿಂದ 50 ಶೇಕಡಾಕ್ಕೆ ಹೊಂದಿಸಿ. ಇಲ್ಲವೆಂದರೆ ರಬ್ಬರ್ ವಾಷರ್ ಇರುವ, ಗಾಳಿಯಾಡದ 10–15 ಲೀಟರ್ ಪ್ಲಾಸ್ಟಿಕ್ ಡಬ್ಬ, ಒಳಗೆ ಬಟ್ಟೆಯ ಚೀಲದಲ್ಲಿ ಕಾಲು ಕಿಲೊ ಸಿಲಿಕಾ ಜೆಲ್, ಹೊರಗಿನಿಂದ ಓದಲು ಬರುವಂತೆ ಒಂದು ಪುಟ್ಟ ಹೈಗ್ರೋಮೀಟರ್. ಕಿತ್ತಳೆ ಜೆಲ್ ಕಡು ಹಸಿರಾದರೆ ಅದರ ಹೊಟ್ಟೆ ತುಂಬಿದೆ. ಓಟಿಜಿ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಅಡಿಗೆಗೆ ಬಳಸದ ತಟ್ಟೆಯಲ್ಲಿಡಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಎಸಿ ಕೋಣೆಯಿಂದ ಮಳೆಗಾಲದ ಹೊರಗಾಳಿಗೆ ಬರುವಾಗ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ತೆಗೆದರೆ ಗಾಜಿನ ಮೇಲೆ ನೀರು ಕಟ್ಟುವುದಿಲ್ಲ.

ಹೊರಗಿನ ಗಾಜಿನಲ್ಲಿ ಹೊಸದಾಗಿ ಎಳೆ ಕಂಡರೆ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಮನೆ ಬಳಕೆಯ ಅಮೋನಿಯಾ ದ್ರಾವಣವನ್ನು ಸಮಸಮ ಬೆರೆಸಿ, ಕಿಟಕಿ ತೆರೆದು, ಒಂದೆರಡು ಹನಿಯನ್ನು ಲೆನ್ಸ್ ಟಿಶ್ಯೂಗೆ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ದ್ರಾವಣವನ್ನು ಗಾಜಿನ ಮೇಲೆ ನೇರ ಸುರಿದರೆ ಅಂಚಿನಿಂದ ಒಳಗಿಳಿಯುತ್ತದೆ. ಬೆರೆಸಿದ್ದನ್ನು ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ, ಉಳಿದದ್ದನ್ನು ನೀರು ಬೆರೆಸಿ ಚೆಲ್ಲಿ. ಒರೆಸಿದ ಲೆನ್ಸನ್ನು ಒಂದು ತಿಂಗಳಾದರೂ ಬೇರೆ ಡಬ್ಬದಲ್ಲಿಟ್ಟು, ವಾರಕ್ಕೊಮ್ಮೆ ಅದೇ ಓರೆ ಟಾರ್ಚಿನಲ್ಲಿ ನೋಡಿ. ಎಳೆ ಮತ್ತೆ ಕಾಣಿಸಿಕೊಂಡರೆ ಬೇರು ಒಳಗಿನ ಗಾಜಿನಲ್ಲಿದೆ, ಅದನ್ನು ಬಿಚ್ಚಲು ಎರಡು ಮೊನೆಯ ಲೆನ್ಸ್ ಸ್ಪ್ಯಾನರ್ ಇರುವ ಮೆಕ್ಯಾನಿಕ್‌ನೇ ಬೇಕು.